ಸಣ್ಣ ವಿಮಾನದ ಬಿಡಿಭಾಗಗಳ ನಿರ್ವಹಣೆ: ಅನುಮತಿಯಿಂದ ಲಾಗ್‌ಬುಕ್ ಸಹಿಯವರೆಗೆ

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ನಿರ್ವಹಣೆಯನ್ನು ಹೊಸದಾಗಿ ಕಲಿಯುತ್ತಿರುವ ತಂತ್ರಜ್ಞರಿಗಾಗಿ ಮತ್ತು ತಮ್ಮ ವಿಮಾನದ ಮೇಲೆ ಯಾರು ಏನು ಕೆಲಸ ಮಾಡುತ್ತಿದ್ದಾರೆಂದು ತಿಳಿದುಕೊಳ್ಳಬಯಸುವ ಮಾಲೀಕರಿಗಾಗಿ ಈ ಬರಹ. ಇದು ತಯಾರಕರ ಕೈಪಿಡಿಗೆ ಬದಲಿಯಲ್ಲ. ಕೈಪಿಡಿಯಲ್ಲಿ ಬೇರೆ ರೀತಿ ಹೇಳಿದ್ದರೆ ಕೈಪಿಡಿಯ ಮಾತೇ ಅಂತಿಮ. ಒಂದು ಬೋಲ್ಟೋ ಪ್ಲಗ್ಗೋ ಜಾಗಕ್ಕೆ ಸರಿಯಾಗಿ ಕುಳಿತಿತು ಎಂದ ಮಾತ್ರಕ್ಕೆ ಅದು ಸರಿಯಾದ ಭಾಗವಾಗುವುದಿಲ್ಲ ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ನಿಯಮಗಳಲ್ಲಿ ಬಹುಪಾಲು ಈ ಒಂದು ಮಾತಿನಿಂದಲೇ ಹುಟ್ಟಿಕೊಂಡಿವೆ.

ಮೊದಲು ಅಧಿಕಾರ, ಆಮೇಲೆ ಸ್ಪ್ಯಾನರ್

ವಿಮಾನ ಹಾರಲು ಯೋಗ್ಯವಾಗಿರಬೇಕು ಎಂಬುದರ ಅಂತರರಾಷ್ಟ್ರೀಯ ಮಾನದಂಡ 1944ರ ಷಿಕಾಗೊ ಒಪ್ಪಂದದ 8ನೆಯ ಅನುಬಂಧದಲ್ಲಿದೆ. ಅದನ್ನು ಆಧರಿಸಿ ಪ್ರತಿಯೊಂದು ದೇಶವೂ ತನ್ನ ನಿಯಮಗಳನ್ನು ರೂಪಿಸಿಕೊಂಡಿದೆ. ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎ ನಿಯಮಾವಳಿಯ ಭಾಗ 43, ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯಾದ ಇಎಎಸ್‌ಎ ಹಗುರ ವಿಮಾನಗಳಿಗಾಗಿ 2020ರ ಮಾರ್ಚ್‌ನಿಂದ ಜಾರಿಗೆ ತಂದ ಭಾಗ ಎಂಎಲ್, ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಹೊರಡಿಸಿರುವ ಸಿಎಆರ್ ಎಂಬ ನಿಯಮಗಳು ಈ ಬಗೆಯವು. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ನಿಯಮವೇ ಅದಕ್ಕೆ ಅನ್ವಯಿಸುತ್ತದೆ. ಅದು ಸದ್ಯಕ್ಕೆ ಯಾವ ಹ್ಯಾಂಗರ್‌ನಲ್ಲಿ ನಿಂತಿದೆ ಎಂಬುದು ಮುಖ್ಯವಲ್ಲ.

ಆದ್ದರಿಂದ ಮೊದಲನೆಯ ಹೆಜ್ಜೆ, ಕೈಗೆತ್ತಿಕೊಂಡಿರುವ ಕೆಲಸ ಯಾವ ವರ್ಗಕ್ಕೆ ಸೇರುತ್ತದೆಂದು ನಿರ್ಧರಿಸುವುದು. ಅಮೆರಿಕದ ಭಾಗ 43ರ ‘ಎ’ ಅನುಬಂಧ ಮುಂಜಾಗ್ರತಾ ನಿರ್ವಹಣೆ ಎಂಬ ಹೆಸರಿನಲ್ಲಿ ಒಂದು ಪಟ್ಟಿಯನ್ನು ಕೊಡುತ್ತದೆ. ಟೈರ್ ಬದಲಾಯಿಸುವುದು, ಹೈಡ್ರಾಲಿಕ್ ಎಣ್ಣೆ ತುಂಬುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಸ್ವಚ್ಛಗೊಳಿಸಿ ಹಾಕುವುದು, ಬೋಲ್ಟ್ ಸಡಿಲವಾಗದಂತೆ ಕಟ್ಟುವ ಸೇಫ್ಟಿ ವೈರ್ ಅಥವಾ ನಟ್ ತಿರುಗದಂತೆ ತೂರಿಸುವ ಕಾಟರ್ ಪಿನ್ ಹಾಳಾಗಿದ್ದರೆ ಬದಲಾಯಿಸುವುದು, ಬ್ಯಾಟರಿ ಬದಲಾಯಿಸುವುದು ಮೊದಲಾದ ಕೆಲಸಗಳು ಅದರಲ್ಲಿವೆ. ವಿಮಾನವನ್ನು ವಾಣಿಜ್ಯ ಸಾಗಣೆಗೆ ಬಳಸುತ್ತಿಲ್ಲವಾದರೆ, ಅದರ ಮಾಲೀಕನಾದ ಅಥವಾ ಅದನ್ನು ನಡೆಸುವ ಪೈಲಟ್ ಈ ಕೆಲಸಗಳನ್ನು ತಾನೇ ಮಾಡಿ ಸಹಿ ಹಾಕಬಹುದು. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಪರವಾನಗಿ ಪಡೆದ ಎಂಜಿನಿಯರೋ ಅನುಮೋದಿತ ಸಂಸ್ಥೆಯೋ ಬೇಕು. ಯುರೋಪಿನಲ್ಲೂ ಪೈಲಟ್ ಮಾಲೀಕರಿಗೆ ಇಂಥ ಸೀಮಿತ ಅವಕಾಶವಿದೆ. ಕೆಲವು ದೇಶಗಳಲ್ಲಿ ಈ ಪಟ್ಟಿ ಇನ್ನೂ ಚಿಕ್ಕದು. ‘ನನಗೆ ಈ ಕೆಲಸ ಬರುತ್ತದೆ’ ಎನ್ನುವುದಕ್ಕೂ ‘ಈ ಕೆಲಸಕ್ಕೆ ನಾನು ಸಹಿ ಹಾಕಬಹುದು’ ಎನ್ನುವುದಕ್ಕೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ.

ಪುಸ್ತಕ ಮೇಜಿನ ಮೇಲಿರಲಿ

ಎರಡನೆಯ ಹೆಜ್ಜೆ ಕಾಗದಪತ್ರಗಳದ್ದು. ಆ ಮಾದರಿಯ, ಆ ಕ್ರಮಸಂಖ್ಯೆಯ ವಿಮಾನಕ್ಕೆ ಅನ್ವಯಿಸುವ ನಿರ್ವಹಣಾ ಕೈಪಿಡಿ ಹಾಗೂ ಚಿತ್ರಸಹಿತ ಬಿಡಿಭಾಗಗಳ ಪಟ್ಟಿ ಎರಡನ್ನೂ ತೆರೆದು, ಅವು ಇತ್ತೀಚಿನ ಆವೃತ್ತಿಗಳೇ ಎಂದು ಖಚಿತಪಡಿಸಿಕೊಳ್ಳಬೇಕು. ಹತ್ತು ವರ್ಷದ ಹಿಂದೆ ಮುದ್ರಿಸಿಟ್ಟುಕೊಂಡ, ಎಣ್ಣೆಯ ಕಲೆ ಹತ್ತಿದ ಹಾಳೆ ಎಷ್ಟೇ ಅನುಕೂಲವಾಗಿದ್ದರೂ ಅದನ್ನು ನಂಬಬಾರದು, ಏಕೆಂದರೆ ಟಾರ್ಕ್ ಮೌಲ್ಯಗಳೂ (ತಿರುಗಿಸಿ ಬಿಗಿಯಬೇಕಾದ ಬಲದ ಅಳತೆ) ಭಾಗಸಂಖ್ಯೆಗಳೂ ಪರಿಷ್ಕರಣೆಯಲ್ಲಿ ಬದಲಾಗುತ್ತವೆ.

ಇದೇ ಹಂತದಲ್ಲಿ ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳನ್ನು, ಅಂದರೆ ಎಡಿಗಳನ್ನು, ನೋಡಬೇಕು. ಒಂದು ಭಾಗದಲ್ಲಿ ಅಪಾಯಕಾರಿ ದೋಷ ಕಂಡುಬಂದಾಗ ಪ್ರಾಧಿಕಾರ ಹೊರಡಿಸುವ ಈ ಆದೇಶಗಳನ್ನು ಪಾಲಿಸುವುದು ಕಡ್ಡಾಯ. ಕೆಲವು ಒಮ್ಮೆ ಮಾಡಿದರೆ ಮುಗಿಯುತ್ತವೆ, ಕೆಲವು ಇಂತಿಷ್ಟು ಹಾರಾಟದ ಗಂಟೆಗಳಿಗೊಮ್ಮೆ ಮರಳಿ ಬರುತ್ತವೆ. ವಿಮಾನದ ಕವಚಕ್ಕೆ, ಎಂಜಿನ್‌ಗೆ, ಪ್ರೊಪೆಲ್ಲರ್‌ಗೆ ಮತ್ತು ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಒದಗಿಸುವ ಮ್ಯಾಗ್ನೆಟೊದಂಥ ಉಪಕರಣಗಳಿಗೆ ಬೇರೆ ಬೇರೆಯಾಗಿ ಎಡಿಗಳಿರುವುದರಿಂದ ವಿಮಾನದ ಹೆಸರಿನಲ್ಲಿ ಮಾತ್ರ ಹುಡುಕಿದವರಿಗೆ ಅರ್ಧದಷ್ಟು ತಪ್ಪಿಹೋಗುವ ಸಂಭವವಿದೆ. ತಯಾರಕರು ಹೊರಡಿಸುವ ಸರ್ವಿಸ್ ಬುಲೆಟಿನ್‌ಗಳ ಸ್ಥಾನ ಬೇರೆ. ಖಾಸಗಿ ಬಳಕೆಯ ವಿಮಾನಕ್ಕೆ ಅವು ಬಹುಮಟ್ಟಿಗೆ ಸಲಹೆಗಳು. ಎಡಿಯೊಂದು ಆ ಬುಲೆಟಿನ್ನನ್ನು ಉಲ್ಲೇಖಿಸಿ ಪಾಲಿಸಿ ಎಂದರೆ ಮಾತ್ರ ಕಡ್ಡಾಯವಾಗುತ್ತವೆ. ಆದರೂ ಓದದೆ ಬದಿಗಿಡುವುದು ಜಾಣತನವಲ್ಲವೆಂದೇ ನನ್ನ ಅಭಿಪ್ರಾಯ.

ತಪಾಸಣೆಯ ಅವಧಿಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಅಮೆರಿಕದ ನಿಯಮದಂತೆ 12 ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆ ಆಗಬೇಕು. ಬಾಡಿಗೆಗೆ ಜನರನ್ನು ಒಯ್ಯುವ ಅಥವಾ ಬೋಧಕರು ಹಣ ಪಡೆದು ತಮ್ಮದೇ ವಿಮಾನದಲ್ಲಿ ಹಾರಾಟ ಕಲಿಸುವ ಸಂದರ್ಭಗಳಲ್ಲಿ 100 ಗಂಟೆಗೊಮ್ಮೆಯೂ ಆಗಬೇಕು. ತಪಾಸಣೆಯ ಸ್ಥಳಕ್ಕೆ ತಲುಪಲೆಂದು 100 ಗಂಟೆಯ ಮೇಲೆ 10 ಗಂಟೆಯವರೆಗೆ ಹಾರಲು ಅವಕಾಶವಿದೆ, ಆದರೆ ಹೀಗೆ ಬಳಸಿಕೊಂಡ ಗಂಟೆಗಳು ಮುಂದಿನ ನೂರರಲ್ಲಿ ಕಳೆದುಹೋಗುತ್ತವೆ.

ಕೈ ಹಾಕುವ ಮೊದಲು ವಿಮಾನವನ್ನು ಸುಮ್ಮನಾಗಿಸುವುದು

ನಿಂತ ವಿಮಾನ ನಿರಪಾಯವೆಂದು ಭಾವಿಸುವುದು ಸಹಜ. ಪ್ರೊಪೆಲ್ಲರ್ ಈ ಭಾವನೆಯನ್ನು ಸುಳ್ಳು ಮಾಡುತ್ತದೆ. ಮ್ಯಾಗ್ನೆಟೊ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುವುದರಿಂದ ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಸ್ವಿಚ್ಚನ್ನು ‘ಆಫ್’ ಮಾಡಿದಾಗ ನಡೆಯುವುದು ವಿದ್ಯುತ್ ಕಡಿತವಲ್ಲ, ಪಿ-ಲೀಡ್ ಎಂಬ ತಂತಿಯ ಮೂಲಕ ಮ್ಯಾಗ್ನೆಟೊ ವಿಮಾನದ ಲೋಹದ ಮೈಗೆ (ಗ್ರೌಂಡ್) ಕೂಡಿಕೊಳ್ಳುತ್ತದೆ ಅಷ್ಟೆ. ಆ ತಂತಿ ತುಂಡಾಗಿದ್ದರೆ ಅಥವಾ ಕಳಚಿಕೊಂಡಿದ್ದರೆ ಸ್ವಿಚ್ ಆಫ್ ಆಗಿದ್ದರೂ, ಕೀಲಿ ನಿಮ್ಮ ಜೇಬಿನಲ್ಲೇ ಇದ್ದರೂ, ಪ್ರೊಪೆಲ್ಲರನ್ನು ಕೈಯಿಂದ ತುಸು ತಿರುಗಿಸಿದೊಡನೆ ಕಿಡಿ ಹುಟ್ಟಿ, ಸಿಲಿಂಡರಿನಲ್ಲಿ ಉಳಿದ ಇಂಧನಕ್ಕೆ ಬೆಂಕಿ ಹತ್ತಿ ಎಂಜಿನ್ ಒಮ್ಮೆ ಒದೆಯಬಹುದು. ಪ್ರೊಪೆಲ್ಲರ್ ತಿರುಗುವ ವೃತ್ತದೊಳಗೆ ತಲೆ, ಕೈ, ಏಣಿ ಯಾವುದೂ ಇರಬಾರದೆಂಬ ನಿಯಮ ಬಂದದ್ದು ಇದಕ್ಕಾಗಿಯೇ. ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ ಮಾಡುವಾಗ ಒಬ್ಬರು ಪ್ರೊಪೆಲ್ಲರನ್ನು ಭದ್ರವಾಗಿ ಹಿಡಿದಿರಬೇಕು, ಇನ್ನೊಬ್ಬರು ಗಾಳಿಯನ್ನು ನಿಧಾನವಾಗಿ ಬಿಡಬೇಕು. ಅದು ಒಬ್ಬರೇ ಮಾಡುವ ಕೆಲಸವಲ್ಲ.

ಬ್ಯಾಟರಿ ಕಳಚುವಾಗ ಋಣ ತಂತಿಯನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಕೊನೆಗೆ ಹಾಕಬೇಕು. ಇಂಧನ ವ್ಯವಸ್ಥೆಯನ್ನು ತೆರೆಯುವ ಮುನ್ನ ವಿಮಾನವನ್ನೂ ಇಂಧನ ಹಿಡಿಯುವ ಪಾತ್ರೆಯನ್ನೂ ತಂತಿಯಿಂದ ಪರಸ್ಪರ ಜೋಡಿಸಿ ಸ್ಥಾಯೀ ವಿದ್ಯುತ್ತಿಗೆ ದಾರಿ ಮಾಡಿಕೊಡಬೇಕು. ಜ್ಯಾಕ್ ಮೇಲೆ ಏರಿಸುವುದಾದರೆ ಕೈಪಿಡಿಯಲ್ಲಿ ಗುರುತಿಸಿರುವ ಜಾಗಗಳಲ್ಲಿ ಮಾತ್ರ ಜ್ಯಾಕ್ ಕೊಡಬೇಕು, ಒಳಗೆ ಯಾರೂ ಕುಳಿತಿರಬಾರದು. ಚಕ್ರದ ಎರಡು ಹೋಳುಗಳನ್ನು ಹಿಡಿದಿರುವ ಬೋಲ್ಟ್‌ಗಳನ್ನು ಸಡಿಲಿಸುವ ಮುನ್ನ ಟೈರಿನ ಗಾಳಿಯನ್ನು ಪೂರ್ತಿಯಾಗಿ ತೆಗೆದಿರಬೇಕು. ಇಲ್ಲವಾದರೆ ಕೊನೆಯ ಬೋಲ್ಟ್ ಬಿಚ್ಚುವಷ್ಟರಲ್ಲಿ ಹೋಳುಗಳು ಸಿಡಿದು ಬಂದು ಎದುರಿಗಿದ್ದವರ ಪ್ರಾಣಕ್ಕೆ ಎರವಾಗಬಲ್ಲವು. ವಿಮಾನಕ್ಕೇ ಪ್ಯಾರಾಶೂಟ್ ಅಳವಡಿಸಿದ್ದರೆ ಅದನ್ನು ಹಾರಿಸುವ ರಾಕೆಟ್ಟಿಗೆ ಸುರಕ್ಷತಾ ಪಿನ್ ಹಾಕಿದೆಯೇ ಎಂದು ಮೊದಲು ನೋಡಬೇಕು.

ಬಿಡಿಭಾಗದ ಜಾತಕ

ಈ ಹಂತದಲ್ಲಿ ನಾನು ಬೇಕೆಂದೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಮಲಗಾಕ್ಕೆ ಹೊರಟಿದ್ದ ಬಿಎಸಿ ಒನ್-ಇಲೆವೆನ್ ವಿಮಾನ ಸುಮಾರು 17,300 ಅಡಿ ಎತ್ತರದಲ್ಲಿದ್ದಾಗ ಕ್ಯಾಪ್ಟನ್ನರ ಮುಂದಿನ ಗಾಜು ಕಿತ್ತುಹೋಗಿ, ಅವರ ಅರ್ಧ ದೇಹ ಹೊರಕ್ಕೆ ಎಳೆದುಕೊಂಡುಹೋಯಿತು. ಸಿಬ್ಬಂದಿ ಅವರ ಕಾಲುಗಳನ್ನು ಹಿಡಿದುಕೊಂಡಿದ್ದರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನವನ್ನು ಇಳಿಸಿದರು, ಎಲ್ಲರೂ ಬದುಕಿ ಉಳಿದರು. ಆ ಗಾಜನ್ನು ಬದಲಾಯಿಸಿ ಇನ್ನೂ 27 ಗಂಟೆಯಾಗಿತ್ತಷ್ಟೆ. ತನಿಖೆಯಲ್ಲಿ ಕಂಡದ್ದು ಇದು: 90 ಬೋಲ್ಟ್‌ಗಳ ಪೈಕಿ 84 ಬೋಲ್ಟ್‌ಗಳ ವ್ಯಾಸ ಇರಬೇಕಾದುದಕ್ಕಿಂತ 0.66 ಮಿಲಿಮೀಟರ್ ಕಡಿಮೆ. ಉಳಿದ ಆರರ ವ್ಯಾಸ ಸರಿಯಿದ್ದರೂ ಉದ್ದ ಸುಮಾರು 2.5 ಮಿಲಿಮೀಟರ್ ಕಡಿಮೆ. ಭಾಗಸಂಖ್ಯೆಯ ಕೊನೆಯ ಗುರುತಿನಂತೆ ಬೇಕಿದ್ದದ್ದು 8ಡಿ, ಹಾಕಿದವುಗಳಲ್ಲಿ ಬಹುಪಾಲು 8ಸಿ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದವರು ಬಿಚ್ಚಿದ ಹಳೆಯ ಬೋಲ್ಟ್ ಒಂದನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಿನಲ್ಲಿ ಕಣ್ಣಳತೆಯಿಂದಲೇ ಜೊತೆ ಹುಡುಕಿದ್ದರು, ಬಿಡಿಭಾಗಗಳ ಪಟ್ಟಿಯನ್ನು ನೋಡಿರಲಿಲ್ಲ. ಅದಕ್ಕಿಂತ ಕುತೂಹಲದ ವಿಷಯವೆಂದರೆ, ಮಾದರಿಯಾಗಿ ಹಿಡಿದಿದ್ದ ಆ ಹಳೆಯ 7ಡಿ ಬೋಲ್ಟೇ ತಪ್ಪಾಗಿತ್ತು. ಅದೃಷ್ಟವಶಾತ್ ಅದು ಅಷ್ಟು ಕಾಲ ಗಾಜನ್ನು ಹಿಡಿದುಕೊಂಡಿತ್ತು.

ಇದರಿಂದ ಕೆಲಸದ ಮೇಜಿಗೆ ಬರಬೇಕಾದ ನಿಯಮ ಸರಳವಾಗಿದೆ. ಬಿಚ್ಚಿದ ಭಾಗವನ್ನು ನೋಡಿ ಹೊಸದನ್ನು ಆರಿಸಬಾರದು. ಪಟ್ಟಿಯಲ್ಲಿರುವ ಭಾಗಸಂಖ್ಯೆಯನ್ನು ನೋಡಿ ಆರಿಸಬೇಕು, ಅಂಕಿಯನ್ನು ಮಾತ್ರವಲ್ಲ, ಕೊನೆಯ ಅಕ್ಷರವನ್ನೂ ಸೇರಿಸಿ ಓದಬೇಕು. ಬಿಚ್ಚಿದ್ದಕ್ಕೂ ಪಟ್ಟಿಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಅದೇ ಒಂದು ದೋಷ ಎಂದು ತಿಳಿದು ಕೆಲಸ ನಿಲ್ಲಿಸಿ ವಿಚಾರಿಸಬೇಕು.

ಸಂಖ್ಯೆ ಸರಿಯಿದ್ದರೆ ಸಾಲದು, ಭಾಗ ಅಸಲಿಯೂ ಆಗಿರಬೇಕು. 1989ರ ಸೆಪ್ಟೆಂಬರ್ 8ರಂದು ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿದ್ದ ಪಾರ್ಟ್‌ನೇರ್ ಸಂಸ್ಥೆಯ ಕಾನ್ವೇರ್ 580 ವಿಮಾನದಲ್ಲಿ 55 ಜನ ಸತ್ತರು. ಬಾಲದ ಲಂಬ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟ್‌ಗಳಲ್ಲಿ ಕೆಲವು ನಕಲಿ, ಬಲದಲ್ಲಿ ಕೀಳು ಎಂದು ಆ ತನಿಖೆ ಕಂಡುಕೊಂಡಿತು. ಅಸಲಿತನದ ಪುರಾವೆಯೆಂದರೆ ಭಾಗದ ಜೊತೆ ಬರುವ ಬಿಡುಗಡೆ ಪ್ರಮಾಣಪತ್ರ. ಅಮೆರಿಕದಲ್ಲಿ ಅದು ಎಫ್‌ಎಎ ಫಾರಂ 8130-3, ಯುರೋಪಿನಲ್ಲಿ ಇಎಎಸ್‌ಎ ಫಾರಂ 1, ಭಾರತದಲ್ಲಿ ಸಿಎ ಫಾರಂ 1. ಬೋಲ್ಟ್, ನಟ್, ವಾಷರ್‌ನಂಥ ಪ್ರಮಾಣಿತ ಭಾಗಗಳಿಗೆ ಇಂಥ ಫಾರಂ ಬದಲು, ಅವು ಇಂತಹ ಮಾನದಂಡಕ್ಕೆ ಅನುಗುಣವಾಗಿವೆ ಎಂಬ ತಯಾರಕರ ಪತ್ರ ಸಾಕಾಗುತ್ತದೆ. ಪ್ರಮಾಣಪತ್ರದಲ್ಲಿರುವ ಭಾಗಸಂಖ್ಯೆ, ಕ್ರಮಸಂಖ್ಯೆಗಳು ಭಾಗದ ಮೇಲೆ ಕೊರೆದಿರುವುದಕ್ಕೆ ಹೊಂದುತ್ತವೆಯೇ, ಅದು ಹೊಸದೋ ದುರಸ್ತಿಯಾದದ್ದೋ ಎಂಬುದನ್ನೆಲ್ಲ ಓದಿ ನೋಡಬೇಕು. ರಬ್ಬರಿನ ಓ-ರಿಂಗ್‌ಗಳಿಗೂ ಹೋಸ್‌ಗಳಿಗೂ ಕಪಾಟಿನಲ್ಲಿ ಇದ್ದಲ್ಲೇ ಆಯಸ್ಸು ಕಳೆಯುತ್ತದೆ, ಆದ್ದರಿಂದ ಪ್ಯಾಕೆಟ್ಟಿನ ಮೇಲಿನ ದಿನಾಂಕವನ್ನೂ ನೋಡಬೇಕು. ಪ್ಯಾಕೆಟ್ ಒಡೆದು ಡಬ್ಬಿಯಲ್ಲಿ ಸುರಿದಿಟ್ಟ ಓ-ರಿಂಗ್‌ಗಳು ಎಷ್ಟೇ ಹೊಸದಾಗಿ ಕಂಡರೂ ಗುರುತಿಲ್ಲದ ವಸ್ತುಗಳೇ. ಕೆಂಪು ಬಣ್ಣದ ಖನಿಜ ಹೈಡ್ರಾಲಿಕ್ ಎಣ್ಣೆಗೆ ಹೊಂದುವ ಸೀಲು ನೇರಳೆ ಬಣ್ಣದ ಫಾಸ್ಫೇಟ್ ಎಸ್ಟರ್ ದ್ರವದಲ್ಲಿ ಉಬ್ಬಿ ಹಾಳಾಗುತ್ತದೆ, ಆದರೆ ಕೈಯಲ್ಲಿ ಹಿಡಿದಾಗ ಎರಡು ಬಗೆಯ ಸೀಲುಗಳೂ ಕಪ್ಪು ಬಳೆಗಳಂತೆಯೇ ಕಾಣುತ್ತವೆ.

ಬಿಚ್ಚುವಾಗ

ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಇಡಬೇಕು. ತೆರೆದ ಕೊಳವೆಗಳಿಗೆ ಕೂಡಲೇ ಮುಚ್ಚಳ ಹಾಕಬೇಕು. ಬಟ್ಟೆಯ ಚೂರು ತುರುಕಿದರೆ ಅದು ಒಳಗೇ ಮರೆತುಹೋಗುವ ಸಂಭವ ಹೆಚ್ಚು. ಅಲ್ಯೂಮಿನಿಯಂ ಮೇಲೆ ಉಕ್ಕಿನ ಉಣ್ಣೆ ಅಥವಾ ಉಕ್ಕಿನ ಬ್ರಷ್ ಬಳಸಬಾರದು, ಮೇಲ್ಮೈಯಲ್ಲಿ ಹೂತುಕೊಳ್ಳುವ ಉಕ್ಕಿನ ಕಣಗಳಿಂದಲೇ ಕೊರೆತ ಶುರುವಾಗುತ್ತದೆ. ಎಕ್ಸಾಸ್ಟ್ ಕೊಳವೆಯ ಮೇಲೆ ಸೀಸದ ಕಡ್ಡಿಯಿಂದ ಗುರುತು ಹಾಕುವ ಅಭ್ಯಾಸವನ್ನೂ ಬಿಡಬೇಕು. ಪೆನ್ಸಿಲ್ಲಿನ ಇಂಗಾಲವನ್ನು ಕಾದ ಲೋಹ ಹೀರಿಕೊಂಡು, ಆ ಗೆರೆಯ ಉದ್ದಕ್ಕೂ ಬಿರುಕು ಬಿಡಬಹುದು.

ಸ್ಪಾರ್ಕ್ ಪ್ಲಗ್ ಕೈತಪ್ಪಿ ಗಟ್ಟಿ ನೆಲದ ಮೇಲೆ ಬಿದ್ದರೆ ಅದನ್ನು ಮತ್ತೆ ಹಾಕಬಾರದು. ಹೊರಗೆ ಏನೂ ಕಾಣದಿದ್ದರೂ ಒಳಗಿನ ಪಿಂಗಾಣಿ ಸೀಳಿರಬಹುದು. ‘ಒಮ್ಮೆ ಬಿದ್ದರೆ ಕಸಕ್ಕೆ’ ಎಂಬ ಈ ಕಟ್ಟುನಿಟ್ಟು ದುಬಾರಿಯೆನಿಸಿದರೂ ಪ್ರಶ್ನಿಸುವಂಥದ್ದಲ್ಲ.

ಬಿಗಿಯುವುದು ಮತ್ತು ಕಟ್ಟುವುದು

ಬೋಲ್ಟನ್ನು ಸಾಮಾನ್ಯವಾಗಿ ತಲೆ ಮೇಲಕ್ಕೆ ಅಥವಾ ಮುಂದಕ್ಕೆ ಬರುವಂತೆ ಹಾಕುತ್ತಾರೆ; ನಟ್ ಕಳಚಿಬಿದ್ದರೂ ಬೋಲ್ಟ್ ತನ್ನ ಜಾಗದಲ್ಲೇ ಉಳಿಯಲಿ ಎಂಬುದು ಇದರ ಉದ್ದೇಶ. ಟಾರ್ಕನ್ನು ಸಾಧ್ಯವಿದ್ದಲ್ಲೆಲ್ಲ ನಟ್ಟಿನ ಕಡೆಯಿಂದ ಕೊಡಬೇಕು. ಬೋಲ್ಟಿನ ತಿರುಪಿನ ಎಳೆಗೆ ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದನ್ನು ಕೈಪಿಡಿ ಹೇಳುತ್ತದೆ. ಒಣ ಎಳೆಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಎಳೆಗೆ ಕೊಟ್ಟರೆ ಬೋಲ್ಟ್ ಮಿತಿಮೀರಿ ಎಳೆಯಲ್ಪಡುತ್ತದೆ. ಸ್ವಯಂ ಲಾಕ್ ಆಗುವ ನಟ್ಟುಗಳು ತಿರುಗುವಾಗಲೇ ಒಂದಿಷ್ಟು ಬಲ ಬೇಡುತ್ತವೆ. ಆ ಎಳೆತದ ಟಾರ್ಕನ್ನು ಅಳೆದು, ಕೈಪಿಡಿಯಲ್ಲಿರುವ ಮೌಲ್ಯಕ್ಕೆ ಕೂಡಿಸಬೇಕು.

ಟಾರ್ಕ್ ರೆಂಚಿನ ತುದಿಗೆ ಅದರ ನೇರಕ್ಕೇ ಉದ್ದವಾಗುವ ಅಡಾಪ್ಟರ್ ಹಾಕಿದಾಗ ಎಷ್ಟೋ ಜನ ಎಡವುತ್ತಾರೆ. ರೆಂಚಿನ ತೋಳು 250 ಮಿಲಿಮೀಟರ್, ಅಡಾಪ್ಟರ್ 50 ಮಿಲಿಮೀಟರ್, ಬೇಕಾದ ಟಾರ್ಕ್ 24 ನ್ಯೂಟನ್-ಮೀಟರ್ ಎಂದುಕೊಳ್ಳಿ. ರೆಂಚನ್ನು 24ಕ್ಕೆ ಇಡಬಾರದು. 24ನ್ನು 250ರಿಂದ ಗುಣಿಸಿ, ಒಟ್ಟು ಉದ್ದವಾದ 300ರಿಂದ ಭಾಗಿಸಿದರೆ ಬರುವ 20ಕ್ಕೆ ಇಡಬೇಕು. ಅಡಾಪ್ಟರನ್ನು ತೋಳಿಗೆ ಲಂಬವಾಗಿ ತಿರುಗಿಸಿಟ್ಟರೆ ಈ ಲೆಕ್ಕದ ಅಗತ್ಯವೇ ಬೀಳುವುದಿಲ್ಲ. ರೆಂಚಿನ ಕ್ಯಾಲಿಬ್ರೇಷನ್ ಚೀಟಿಯ ಅವಧಿ ಮುಗಿದಿದ್ದರೆ ಇಷ್ಟೆಲ್ಲ ಲೆಕ್ಕಾಚಾರವೂ ವ್ಯರ್ಥ.

ಫೈಬರ್ ಒಳಪದರದ ಸ್ವಯಂ ಲಾಕ್ ನಟ್ಟುಗಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುವ ಜಾಗದಲ್ಲಿ ಬಳಸಬಾರದು. ಬೆರಳಿನಿಂದಲೇ ಪೂರ್ತಿ ತಿರುಗಿಸಲು ಬರುವ ನಟ್ ತನ್ನ ಹಿಡಿತ ಕಳೆದುಕೊಂಡಿದೆ ಎಂದೇ ಅರ್ಥ. ನಟ್ ಅಥವಾ ಬೋಲ್ಟ್ ತಿರುಗುವಂಥ ಕೀಲುಗಳಲ್ಲಿ ಇವು ಸಲ್ಲವು, ಅಲ್ಲಿ ಪಿನ್ ಕೂರಲು ಕಚ್ಚುಗಳಿರುವ ಕ್ಯಾಸಲ್ ನಟ್ ಹಾಕಿ ಕಾಟರ್ ಪಿನ್ ತೂರಿಸಬೇಕು. ಟಾರ್ಕ್ ಕೊಟ್ಟ ಮೇಲೆ ಪಿನ್ನಿನ ರಂಧ್ರ ನೇರಕ್ಕೆ ಬಾರದಿದ್ದರೆ ನಿಗದಿತ ಮಿತಿಯೊಳಗೆ ಇನ್ನಷ್ಟು ಬಿಗಿಯಬಹುದು ಅಥವಾ ವಾಷರ್ ಬದಲಾಯಿಸಬಹುದು, ಹಿಂದಕ್ಕೆ ಸಡಿಲಿಸಿ ಹೊಂದಿಸುವಂತಿಲ್ಲ.

ಸೇಫ್ಟಿ ವೈರ್ ಕಟ್ಟುವುದು ಕೈಗೆ ಕೂತುಕೊಳ್ಳಬೇಕಾದ ಕಲೆ. ಹೆಚ್ಚಾಗಿ ಬಳಕೆಯಲ್ಲಿರುವುದು 0.032 ಇಂಚಿನ, ಅಂದರೆ ಸುಮಾರು 0.8 ಮಿಲಿಮೀಟರ್ ದಪ್ಪದ ತಂತಿ. ಬೋಲ್ಟಿನ ತಲೆಯ ರಂಧ್ರದಲ್ಲಿ ತೂರಿಸಿ, ಎರಡು ಎಳೆಗಳನ್ನು ಸೇರಿಸಿ ಇಂಚಿಗೆ 6ರಿಂದ 8 ತಿರುವು ಬರುವಂತೆ ಹೊಸೆದು, ಪಕ್ಕದ ಬೋಲ್ಟಿಗೆ ಒಯ್ಯಬೇಕು. ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯ ಕಡೆಗೇ ಎಳೆಯುವಂತಿರಬೇಕು. ಕಟ್ಟಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಬೋಲ್ಟ್ ಎಡಕ್ಕೆ ತಿರುಗಿದರೆ ತಂತಿ ಬಿಗಿಯುತ್ತದೋ ಸಡಿಲವಾಗುತ್ತದೋ ಎಂದು ಮನಸ್ಸಿನಲ್ಲೇ ತಿರುಗಿಸಿ ನೋಡುವುದು ಒಳ್ಳೆಯ ರೂಢಿ. ಉಲ್ಟಾ ಕಟ್ಟಿದ ತಂತಿ ಅಚ್ಚುಕಟ್ಟಾಗಿ ಕಂಡರೂ ಯಾವ ಕೆಲಸಕ್ಕೂ ಬರುವುದಿಲ್ಲ. ಹೊಸೆಯುವಾಗ ಇಕ್ಕಳದ ಹಲ್ಲು ತಾಗಿ ತಂತಿಗೆ ಗಾಯವಾದರೆ ಕತ್ತರಿಸಿ ಹೊಸದನ್ನು ಕಟ್ಟಬೇಕು. ಉಳಿದ ತುದಿಯನ್ನು ಮೂರರಿಂದ ಆರು ತಿರುವಿನಷ್ಟು ಬಿಟ್ಟು ಒಳಕ್ಕೆ ಮಡಚಬೇಕು, ಇಲ್ಲವಾದರೆ ಮುಂದೆ ಕೈ ಹಾಕುವವರ ಬೆರಳು ಸೀಳುತ್ತದೆ. ಒಮ್ಮೆ ಬಿಚ್ಚಿದ ತಂತಿಯನ್ನಾಗಲಿ ಕಾಟರ್ ಪಿನ್ನನ್ನಾಗಲಿ ಮತ್ತೆ ಬಳಸುವಂತಿಲ್ಲ.

ವಾಷರ್‌ನಂಥ ಚಿಲ್ಲರೆ ವಸ್ತುವಿನ ವಿಷಯಕ್ಕೆ ಇಷ್ಟು ಗದ್ದಲ ಬೇಕೇ ಎನ್ನುವವರಿಗೆ ಒಂದು ಉತ್ತರವಿದೆ. 2007ರ ಆಗಸ್ಟ್ 20ರಂದು ಒಕಿನಾವಾದ ನಾಹಾದಲ್ಲಿ ಇಳಿದು ನಿಂತ ಚೀನಾ ಏರ್‌ಲೈನ್ಸ್‌ನ ಬೋಯಿಂಗ್ 737 ಸಂಪೂರ್ಣ ಸುಟ್ಟುಹೋಯಿತು. ರೆಕ್ಕೆಯ ಮುಂಭಾಗದಲ್ಲಿ ಚಾಚಿಕೊಳ್ಳುವ ಸ್ಲ್ಯಾಟ್ ಎಂಬ ಫಲಕದ ವ್ಯವಸ್ಥೆಯಲ್ಲಿ ಒಂದು ವಾಷರ್ ಇರಲಿಲ್ಲ; ಕಳಚಿಬಿದ್ದ ಬೋಲ್ಟು ಇಂಧನ ತೊಟ್ಟಿಯ ಗೋಡೆಯನ್ನು ತೂರಿತ್ತು. 165 ಜನರೂ ಸಕಾಲದಲ್ಲಿ ಹೊರಬಂದರು.

ಎರಡನೆಯವರ ಕಣ್ಣು

ಹಾರಾಟದ ನಿಯಂತ್ರಣ ವ್ಯವಸ್ಥೆಯನ್ನು, ಅಂದರೆ ಏಲೆರಾನ್ (ರೆಕ್ಕೆಯ ಹಿಂದಂಚಿನ ಫಲಕ), ಎಲಿವೇಟರ್ ಮತ್ತು ರಡ್ಡರ್‌ (ಬಾಲದ ಫಲಕಗಳು) ಇವುಗಳ ಕೇಬಲ್, ರಾಟೆ, ಕಡ್ಡಿಗಳನ್ನು, ಮುಟ್ಟಿದ್ದರೆ ಕೆಲಸ ಮಾಡಿದವರಲ್ಲದೆ ಅರ್ಹರಾದ ಇನ್ನೊಬ್ಬರೂ ಸ್ವತಂತ್ರವಾಗಿ ಪರೀಕ್ಷಿಸಬೇಕೆಂದು ಅನೇಕ ದೇಶಗಳ ನಿಯಮಗಳು ಹೇಳುತ್ತವೆ. ನಿಯಮ ಹಾಗೆ ಹೇಳದ ಕಡೆಗಳಲ್ಲೂ ಇದನ್ನು ಮಾಡಿಸಬೇಕು. ಪೈಲಟ್ ಹಿಡಿಯುವ ನಿಯಂತ್ರಣ ಕೋಲು, ಅಂದರೆ ಸ್ಟಿಕ್, ಸರಾಗವಾಗಿ ಆಡುತ್ತದೆಯೇ ಎಂದು ನೋಡಿದರೆ ಸಾಲದು, ಸರಿಯಾದ ದಿಕ್ಕಿಗೆ ಆಡುತ್ತದೆಯೇ ಎಂದು ನೋಡಬೇಕು. ಸ್ಟಿಕ್ಕನ್ನು ಎಡಕ್ಕೆ ಸರಿಸಿದಾಗ ಎಡಗಡೆಯ ಏಲೆರಾನ್ ಮೇಲೇಳಬೇಕು. 2018ರ ನವೆಂಬರ್ 11ರಂದು ಪೋರ್ಚುಗಲ್‌ನಲ್ಲಿ ನಿರ್ವಹಣೆ ಮುಗಿಸಿಕೊಂಡು ಹೊರಟ ಏರ್ ಅಸ್ತಾನಾದ ಎಂಬ್ರೇರ್ ವಿಮಾನದಲ್ಲಿ ಏಲೆರಾನ್ ಕೇಬಲ್‌ಗಳು ಅದಲುಬದಲಾಗಿದ್ದವು. ಪೈಲಟ್‌ಗಳು ಬಹಳ ಹೊತ್ತು ಹೆಣಗಾಡಿ ಬೆಜಾದಲ್ಲಿ ಇಳಿಸಿದರು. ಪರೀಕ್ಷಿಸುವ ಎರಡನೆಯವರು ಮೊದಲಿನವರ ವಿವರಣೆಯನ್ನು ಕೇಳಿಸಿಕೊಳ್ಳದೆ, ಕೈಪಿಡಿಯನ್ನು ತಾವೇ ತೆರೆದು ನೋಡುವುದು ಒಳಿತು. ವಿವರಣೆ ಕೇಳಿದ ಕಣ್ಣಿಗೆ ಕೇಳಿದ್ದೇ ಕಾಣುತ್ತದೆ.

ಆಮೇಲೆ ಉಪಕರಣಗಳನ್ನು ಎಣಿಸಬೇಕು. ಪ್ರತಿಯೊಂದು ಸ್ಪ್ಯಾನರಿಗೂ ಹಲಗೆಯ ಮೇಲೆ ಅದರದೇ ಆಕಾರದ ಜಾಗ ಬರೆದಿಟ್ಟಿದ್ದರೆ ಖಾಲಿ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ. ಒಂದು ಕಡಿಮೆಯಿದ್ದರೂ ಅದು ಸಿಗುವವರೆಗೆ ವಿಮಾನ ಹೊರಡುವಂತಿಲ್ಲ.

ಬರೆದಿಡುವುದು

ಎಂಜಿನ್ ಚಾಲೂ ಮಾಡಿ, ಸೋರಿಕೆ ನೋಡಿ, ಹೊದಿಕೆ ಮುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ದಾಖಲೆಯಿಲ್ಲದ ನಿರ್ವಹಣೆಯನ್ನು ಕಾನೂನು ನಿರ್ವಹಣೆಯೆಂದು ಒಪ್ಪುವುದಿಲ್ಲ. ಲಾಗ್‌ಬುಕ್ಕಿನಲ್ಲಿ ಮಾಡಿದ ಕೆಲಸದ ವಿವರ, ಮುಗಿದ ದಿನಾಂಕ, ಮಾಡಿದವರ ಹೆಸರು, ಹಾರಾಟಕ್ಕೆ ಬಿಟ್ಟುಕೊಟ್ಟವರ ಸಹಿ, ಪರವಾನಗಿಯ ಸಂಖ್ಯೆ ಮತ್ತು ಬಗೆ ಇರಬೇಕು. ‘ಪ್ಲಗ್ ನೋಡಲಾಯಿತು, ಸರಿಯಿದೆ’ ಎಂಬಂಥ ಬರಹದಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಪ್ಲಗ್‌ಗಳನ್ನು ಬಿಚ್ಚಲಾಯಿತು, ಯಾವ ಸಿಲಿಂಡರಿನದನ್ನು ಬದಲಾಯಿಸಲಾಯಿತು, ಹೊಸದರ ಭಾಗಸಂಖ್ಯೆ ಏನು, ಟಾರ್ಕ್ ಎಷ್ಟು, ಕೈಪಿಡಿಯ ಯಾವ ಅಧ್ಯಾಯ ಮತ್ತು ಯಾವ ಪರಿಷ್ಕರಣೆಯಂತೆ ಮಾಡಲಾಯಿತು, ಆಗ ವಿಮಾನದ ಒಟ್ಟು ಗಂಟೆಗಳೆಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿನ ಪಾಳಿಗೆ ಬಾಯಿಮಾತಿನಲ್ಲಿ ಒಪ್ಪಿಸಬಾರದು. ಯಾವ ನಟ್ಟಿಗೆ ಇನ್ನೂ ಟಾರ್ಕ್ ಕೊಟ್ಟಿಲ್ಲ ಎಂಬುದು ಹಾಳೆಯ ಮೇಲಿರಬೇಕು, ಆ ನಟ್ಟಿನ ಮೇಲೊಂದು ಚೀಟಿಯೂ ನೇತಾಡುತ್ತಿರಬೇಕು.

ಸಾಮಾನ್ಯ ನಿರ್ವಹಣೆಯ ದಾಖಲೆಯನ್ನು ಅಮೆರಿಕದ ನಿಯಮದಂತೆ ಒಂದು ವರ್ಷ ಅಥವಾ ಅದೇ ಕೆಲಸ ಮತ್ತೆ ನಡೆಯುವವರೆಗೆ ಇಟ್ಟುಕೊಂಡರೆ ಸಾಕು. ಆದರೆ ಆಯುಷ್ಯ ಮಿತಿಯಿರುವ ಭಾಗಗಳ ಗಂಟೆಗಳು ಮತ್ತು ಎಡಿ ಪಾಲನೆಯ ಸ್ಥಿತಿ ವಿಮಾನದ ಜೊತೆಯಲ್ಲೇ ಇರಬೇಕು, ಮಾರಿದರೆ ಹೊಸ ಮಾಲೀಕರಿಗೆ ಹೋಗಬೇಕು. ಆಯುಷ್ಯ ಮುಗಿದ ಭಾಗವನ್ನು ಹಾಗೆಯೇ ಕಸದ ಡಬ್ಬಿಗೆ ಎಸೆಯಬಾರದು. ಕೆಂಪು ಚೀಟಿ ಕಟ್ಟಿ, ಬೀಗ ಹಾಕಿದ ಪ್ರತ್ಯೇಕ ಕಪಾಟಿನಲ್ಲಿ ಇಡಬೇಕು. ವಿಲೇವಾರಿ ಮಾಡುವ ದಿನ ಗರಗಸದಿಂದ ಎರಡು ಹೋಳು ಮಾಡಿ ಅಥವಾ ಎಳೆಗಳನ್ನು ಉಜ್ಜಿ ಹಾಕಿ, ಯಾರೂ ಅದಕ್ಕೆ ಬಣ್ಣ ಬಳಿದು ಮತ್ತೆ ಮಾರಲು ಬಾರದಂತೆ ಮಾಡಿಯೇ ಹೊರಗೆ ಕಳಿಸಬೇಕು.